ಮುಂದಿನ ಕೋಣೆಯಲ್ಲಿ ಕೆಡದ ಕಂಪ್ಯೂಟರ್

ರಿಪೇರಿಯವನು ಬರುತ್ತಾನೆಂದು ಗೊತ್ತಾದ ಕೂಡಲೇ ಆ ಮನೆಯಲ್ಲಿ ಮೊದಲು ಆಗುತ್ತಿದ್ದದ್ದು ಕಂಪ್ಯೂಟರಿಗೆ ಸ್ನಾನ. ಟೈಪಿಂಗ್ ಅಕ್ಕ ಹಳೆಯ ಬಟ್ಟೆಯೊಂದನ್ನು ಸೋಪಿನ ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಡಬ್ಬದ ಮೈಯನ್ನೆಲ್ಲ ಒರೆಸುತ್ತಿದ್ದಳು. ಪಕ್ಕದ ತಗಡಿನ ತಿರುಪು ಬಿಚ್ಚಿ, ಬಣ್ಣ ಹಚ್ಚುವ ಬ್ರಷ್ಷಿನಿಂದ ಒಳಗಿನ ಧೂಳನ್ನೂ ಗುಡಿಸಿ ತೆಗೆಯುತ್ತಿದ್ದಳು. ಕೀಬೋರ್ಡನ್ನು ಮಗುಚಿ, ಹಾಲು ಕುಡಿದ ಮಗುವಿಗೆ ತೇಗು ಬರಿಸುವ ಹಾಗೆ ಬೆನ್ನು ತಟ್ಟುತ್ತಿದ್ದಳು. ಆಮೇಲೆ ಅವಳೂ ಮಗಳೂ ಸೇರಿ ಎಲ್ಲವನ್ನೂ ಅಡುಗೆಮನೆಯಿಂದ ಮುಂದಿನ ಕೋಣೆಗೆ ಹೊತ್ತು ತಂದು, ಟಿವಿಯ ಪ್ಲಗ್ಗು ಕಿತ್ತು ಅಲ್ಲಿ ಇದನ್ನು ಸಿಕ್ಕಿಸಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂರಿಸುತ್ತಿದ್ದರು. ಕೊನೆಯಲ್ಲಿ ಅತ್ತೆ ಬಂದು ಪರದೆಯ ಪಕ್ಕ ಒಂದು ಹೂದಾನಿ ಇಡುತ್ತಿದ್ದರು.

ಕಂಪ್ಯೂಟರ್ ಸದಾ ಅಲ್ಲೇ ಇದ್ದದ್ದೆಂದು ನೋಡಿದವರು ತಿಳಿಯಬೇಕು.

"ಹೊರಗಿನವರು ಬಂದು ಅಡುಗೆಮನೆ ನೋಡೋದು ಬೇಡಮ್ಮ," ಎಂದು ಅತ್ತೆ ಮೊದಲ ಸಲವೇ ಹೇಳಿದ್ದರು. "ಮನೆ ಮಾನ ಇರೋದೇ ಅಲ್ಲಿ."

ಗಂಡನಿಗೆ ಬೇರೆಯ ಚಿಂತೆ. "ಹೆಂಡತಿಗೆ ಒಂದು ಮೇಜು ಕೊಡೋ ಯೋಗ್ಯತೆ ಇಲ್ವಾ ಅಂದ್ಕೋತಾರೆ ಜನ."

ಮೇಜು ಇತ್ತು. ಆದರೆ ಅದು ಪೇಪರಿಗೆ, ಟಿವಿಯ ರಿಮೋಟಿಗೆ, ಅವನ ಕಾಲಿಗೆ ಇತ್ತು.

ಟೈಪಿಂಗ್ ಅಕ್ಕ ಎನ್ನುವುದು ಬೀದಿಯವರು ಅವಳಿಗೆ ಕೊಟ್ಟ ಹೆಸರು. ಮದುವೆಗೆ ಮೊದಲು ಅವಳು ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಅಲ್ಲಿ ಸಾಹೇಬರ ಕೈಬರಹವನ್ನು ಸಾಹೇಬರೇ ಓದಲಾರದೆ ಅವಳನ್ನು ಕರೆಯುತ್ತಿದ್ದರಂತೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಬಿಟ್ಟಳು ಎಂದು ಮನೆಯವರು ಹೇಳುತ್ತಾರೆ. ಯಾರಾದರೂ ಬಿಡಬೇಕಾಗಿತ್ತು, ಆ ಯಾರಾದರೂ ಅವಳೇ ಎಂಬುದು ಯಾರೂ ಬಾಯಿಬಿಟ್ಟು ಆಡದೆ ತೀರ್ಮಾನವಾಯಿತು. ಕಂಪ್ಯೂಟರ್ ಬಂದದ್ದು ಮಗಳ ಓದಿಗೆಂದು. ಮಗಳಿಗೆ ಲ್ಯಾಪ್‌ಟಾಪ್ ಬಂದ ಮೇಲೆ ಇದನ್ನು ಏನು ಮಾಡುವುದೆಂಬ ಮಾತು ಎದ್ದಾಗ ಅವಳು "ನನಗಿರಲಿ" ಎಂದಳು. ಆ ಮನೆಯಲ್ಲಿ ಹಿಡಿ ಮುರಿದ ಕಪ್ಪು, ಅಂಚು ಹರಿದ ಹೊದಿಕೆ, ಮೊನ್ನೆಯ ಅನ್ನ, ಹೀಗೆ ಯಾರಿಗೂ ಬೇಡವಾದದ್ದೆಲ್ಲ ಅವಳದೇ ಆಗುತ್ತಿತ್ತು. ಕಂಪ್ಯೂಟರೂ ಹಾಗೇ ಆಯಿತು. ಯಾರಿಗೂ ಬೇಡದ ಜಾಗ ಹುಡುಕಿದಾಗ ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಹಿಟ್ಟಿನ ಡಬ್ಬಕ್ಕೂ ನಡುವೆ ಹೊಲಿಗೆ ಯಂತ್ರದ ಹಳೆಯ ಮೇಜು ಹಿಡಿಸುವಷ್ಟು ಸಂದು ಸಿಕ್ಕಿತು. ಒಲೆಯಿಂದ ಕೈ ಚಾಚಿದರೆ ಸಿಗುವಷ್ಟು ದೂರ. ಫ್ರಿಜ್ಜು, ಮಿಕ್ಸಿ, ಕಂಪ್ಯೂಟರ್ ಮೂರೂ ಒಂದೇ ಪ್ಲಗ್ಗಿನಿಂದ ಎಳೆದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ.

"ಒಳ್ಳೇದೇ ಆಯ್ತು," ಎಂದಿದ್ದ ಗಂಡ. "ಒಲೆ ಮೇಲೂ ಒಂದು ಕಣ್ಣು ಇರುತ್ತೆ."

ಒಂದು ಪ್ರೆಸ್ಸಿನ ಯಜಮಾನರು ಅವಳಿಗೆ ಹಸ್ತಪ್ರತಿಗಳನ್ನು ಕೊಡತೊಡಗಿದರು. ಬೇರೆಯವರು ಕೈ ಚೆಲ್ಲಿದ ಬರಹಗಳೇ ಅವಳ ಪಾಲಿಗೆ ಬರುತ್ತಿದ್ದವು. ಈ ಸಲ ಬಂದದ್ದು ಮರಗೆಲಸದ ಮಾತುಗಳ ಒಂದು ಕೋಶ. ಬರೆದವರು ಮರಗೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಒಂದೊಂದು ಉಪಕರಣ, ಒಂದೊಂದು ಕೀಲು, ಒಂದೊಂದು ಬಗೆಯ ಬಿರುಕು, ಎಲ್ಲಕ್ಕೂ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು, ವಿವರಣೆ. ಕೈ ನಡುಗುವ ವಯಸ್ಸು. ಸಾಲುಗಳು ಮಳೆಯಲ್ಲಿ ಜಾರಿದವರ ಹೆಜ್ಜೆಯ ಹಾಗೆ ಕೆಳಕ್ಕೆ ಜಾರುತ್ತಿದ್ದವು. ಅವರ ಕಣ್ಣೂ ಮಂಜಾಗುತ್ತಿತ್ತು. ಪೂರ್ತಿ ಮಂಜಾಗುವ ಮೊದಲು ಅಚ್ಚಾದ ಪುಸ್ತಕ ನೋಡಬೇಕೆನ್ನುವುದು ಅವರ ಆಸೆ.

ಆ ಕೋಶ ಅವಳಿಗೆ ಇಷ್ಟವಾಯಿತು. ಎಷ್ಟು ಇಷ್ಟವಾಯಿತೆಂದರೆ, ಹಿಟ್ಟು ಕಲಸುತ್ತ ಅವಳು ಬಾಗಿಲಿನ ಚೌಕಟ್ಟನ್ನು ನೋಡಿ, ಇದನ್ನು ಯಾವ ಕೀಲಿನಿಂದ ಕೂಡಿಸಿದ್ದಾರೆ ಎಂದು ಮಗಳಿಗೆ ಹೇಳುವಷ್ಟು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಈ ಕೆಲಸವನ್ನು ತಾನೇ ಮುಗಿಸಬೇಕೆಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಳು. ಬೇರೆ ಏನನ್ನಾದರೂ ಅವಳು ಶುರುವಿಂದ ಕೊನೆಯವರೆಗೆ ಒಂದೇ ಸಮನೆ ಮಾಡಿದ್ದು ನೆನಪಿರಲಿಲ್ಲ. ಮನೆಗೆಲಸಕ್ಕೆ ಕೊನೆಯೆಂಬುದೇ ಇಲ್ಲವಲ್ಲ.

ಕ ಅಕ್ಷರದ ನಡುವೆ ಮೊದಲ ಸಲ ಅದು ಆರಿತು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಪರದೆ ಒಮ್ಮೆಗೇ ಕಪ್ಪಾಯಿತು, ಒಳಗಿನ ಫ್ಯಾನು ನಿಟ್ಟುಸಿರು ಬಿಟ್ಟ ಹಾಗೆ ಸುಯ್ದು ನಿಂತಿತು. ಸುಮ್ಮನೆ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಗುಂಡಿ ಒತ್ತಿದರೆ ಬಂತು. ಮರುದಿನ ಮತ್ತೆ ಆರಿತು, ಮತ್ತೆ ಬಂತು. ಹೀಗೆ ಕಣ್ಣಾಮುಚ್ಚಾಲೆ ಆಡಿ, ಒಂದು ದಿನ ಸುಟ್ಟ ವಾಸನೆ ಹೊಡೆದು ಪೂರ್ತಿ ಸತ್ತಿತು.

"ಏನೋ ಒತ್ತಿರ್ತೀಯ ನೀನು," ಎಂದ ಗಂಡ.

ರಿಪೇರಿಯವನು ಬಂದ. ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಮಾತುಗಾರ. ಡಬ್ಬ ಬಿಚ್ಚಿ, ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯಿಂದ ಹೊರಟ ವೈರುಗಳ ಗೊಂಚಲನ್ನು ಕಿತ್ತು ಕೈಯಲ್ಲಿ ಹಿಡಿದ.

"ಅಕ್ಕ, ಒಂದು ಹೇರ್‌ಪಿನ್ ಕೊಡ್ತೀರಾ?"

ಅವಳು ತಲೆಯಿಂದಲೇ ತೆಗೆದು ಕೊಟ್ಟಳು. ಅವನು ಅದನ್ನು ಬಾಗಿಸಿ ಹಸಿರು ವೈರಿಗೂ ಕಪ್ಪು ವೈರಿಗೂ ಸೇತುವೆ ಕಟ್ಟಿದ.

"ಇದು ಪವರ್ ಸಪ್ಲೈ. ಗೋಡೆಯಿಂದ ಬರೋ ಕರೆಂಟನ್ನ ಕಂಪ್ಯೂಟರಿಗೆ ಜೀರ್ಣ ಆಗೋ ಹಾಗೆ ಮಾಡಿ ಕೊಡುತ್ತೆ. ಹೀಗೆ ಸೇರಿಸಿದಾಗ ಫ್ಯಾನ್ ತಿರುಗಿದ್ರೆ ಜೀವ ಇದೆ ಅಂತ. ತಿರುಗಲಿಲ್ಲ ನೋಡಿ. ಹೋಗಿದೆ."

"ಒಳಗೆ ಏನಾಗಿದೆ ಅಂತ ಬಿಚ್ಚಿ ನೋಡೋದಿಲ್ವಾ?"

"ಮೇಲೆ ಸೀಲ್ ಇದೆ ಅಕ್ಕ. ಸೀಲ್ ಒಡೆದ್ರೆ ವಾರಂಟಿ ಹೋಯ್ತು. ಸುಮ್ನೆ ವಾಪಸ್ ಕಳಿಸೋದು, ಹೊಸದು ತರೋದು."

ಹೊಸದು ಬಂತು. ಮುಂದಿನ ಕೋಣೆಯಲ್ಲಿ, ಹೂದಾನಿಯ ಪಕ್ಕದಲ್ಲಿ, ಅದು ಗುಂಯ್ ಎಂದು ಹಾಡಿತು. ಅವನು ಹೋದ ಮೇಲೆ ಟಿವಿಗೆ ಅದರ ಪ್ಲಗ್ಗು ಮರಳಿತು, ಕಂಪ್ಯೂಟರ್ ತನ್ನ ಸಂದಿಗೆ ಮರಳಿತು. ತ ಅಕ್ಷರಕ್ಕೆ ಬರುವಷ್ಟರಲ್ಲಿ ಮತ್ತೆ ಅದೇ ಆಟ, ಅದೇ ವಾಸನೆ.

ಈ ಸಲ ರಿಪೇರಿಯವನು ತಲೆ ಕೆರೆದುಕೊಂಡ. ಗೋಡೆಯ ಪ್ಲಗ್ಗಿನೊಳಗೆ ಮೀಟರಿನ ಕಡ್ಡಿ ಇಟ್ಟು ನೋಡಿದ. ಟಿವಿಯ ಪ್ಲಗ್ಗು, ಬಂಗಾರದಂಥ ಕರೆಂಟು. ವೈರು ಬದಲಿಸಿದ, ಒಳಗಿನ ಹಲಗೆಗಳನ್ನು ಒಂದೊಂದಾಗಿ ಕಿತ್ತು ಉಜ್ಜಿ ಹಾಕಿದ. ಕೊನೆಗೆ ಇನ್ನೊಂದು ಹೊಸ ಪೆಟ್ಟಿಗೆ ಹಾಕಿ, ಇಡೀ ಡಬ್ಬವನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ದಿನಗಟ್ಟಲೆ ಓಡಿಸಿ ನೋಡಿ, ವಾಪಸ್ ತಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಅವನ ಪಾಡು. ಹುಡುಕಬೇಕಾದ ಜಾಗ ಅವನು ಕೂತಲ್ಲಿಂದ ಒಂದು ಪರದೆ ಬಟ್ಟೆಯ ಆಚೆಗಿತ್ತು.

"ವಿಚಿತ್ರ ಅಕ್ಕ ಇದು. ನಮ್ಮ ಅಂಗಡೀಲಿ ಅಳಿಯನ ಹಾಗೆ ಆರಾಮಾಗಿರುತ್ತೆ, ನಿಮ್ಮನೇಗೆ ಬಂದ್ರೆ ಸೊಸೆ ಹಾಗೆ ಸೊರಗುತ್ತೆ."

ಬಾಗಿಲ ಬಳಿ ಕೂತಿದ್ದ ಅತ್ತೆ ತಲೆ ಎತ್ತಿದರು. "ನಮ್ಮನೇಲಿ ಯಾವ ಸೊಸೆಯೂ ಸೊರಗಿಲ್ಲಪ್ಪ."

"ಅಯ್ಯೋ ಅಜ್ಜಿ, ಕಂಪ್ಯೂಟರಿಗೆ ಹೇಳಿದ್ದು."

ಟೈಪಿಂಗ್ ಅಕ್ಕನಿಗೆ ಅಲ್ಲೇ ಬಾಯಿ ಬಿಡಬೇಕೆನಿಸಿತು. ಇದು ಇರುವುದು ಇಲ್ಲಿ ಅಲ್ಲ ಎಂಬ ಒಂದು ಮಾತು. ಆದರೆ ಅತ್ತೆ ಅಲ್ಲಿದ್ದರು, ಹೂದಾನಿ ಅಲ್ಲಿತ್ತು. ಜೊತೆಗೆ, ಜಾಗಕ್ಕೂ ಈ ಕಾಯಿಲೆಗೂ ಸಂಬಂಧ ಇದ್ದೀತೆಂದು ಅವಳಿಗೂ ಖಾತ್ರಿಯಿರಲಿಲ್ಲ. ತಾನು ಅದೇ ಜಾಗದಲ್ಲಿ ಇಷ್ಟು ಕಾಲದಿಂದ ನಿಂತಿದ್ದಾಳೆ, ತನಗೇನೂ ಆಗಿಲ್ಲವಲ್ಲ.

ಪ ಅಕ್ಷರದಲ್ಲಿ ಮೂರನೆಯ ಪೆಟ್ಟಿಗೆ ಹೋಯಿತು. ಈಗ ಅದನ್ನು ಮಾಡಿದ ಕಂಪನಿಯವರು ಇನ್ನು ಬದಲಿಸಿ ಕೊಡುವುದಿಲ್ಲ ಎಂದರು. ರಿಪೇರಿಯವನಿಗೆ ಹಟ ಬಂತು. "ವಾರಂಟಿಯೇ ಇಲ್ಲ ಅಂದ ಮೇಲೆ ಸೀಲ್ ಯಾರಿಗೆ ಬೇಕು," ಎಂದು ಮೇಜಿನ ಮೇಲೆ ಪೇಪರು ಹಾಸಿ, ಪೆಟ್ಟಿಗೆಯ ಮುಚ್ಚಳ ಎಬ್ಬಿಸಿದ. ಅಂದು ರಜೆ, ಗಂಡನೂ ಪಕ್ಕದಲ್ಲಿ ನಿಂತಿದ್ದ.

ಒಳಗೆ ಧೂಳಿರಲಿಲ್ಲ. ಧೂಳಾದರೆ ಊದಿದರೆ ಹಾರುತ್ತದೆ. ಇದು ಮೆತ್ತನೆಯ, ಹಳದಿ ಬಣ್ಣದ, ಕಂಬಳಿಯ ತುಂಡಿನಂಥ ಪದರ. ಫ್ಯಾನಿನ ರೆಕ್ಕೆಗಳಿಗೆ ಅಂಟಿ, ಗಾಳಿಯ ಕಿಂಡಿಗಳನ್ನು ಮುಚ್ಚಿ, ಕರೆಂಟು ಹಿಡಿದಿಡುವ ಸಣ್ಣ ಡಬ್ಬಿಗಳ ನೆತ್ತಿಯ ಮೇಲೆ ಕೂತಿತ್ತು. ಆ ಡಬ್ಬಿಗಳು ಉಬ್ಬಿ ಒಡೆದಿದ್ದವು.

ರಿಪೇರಿಯವನು ಒಂದು ಚೂರನ್ನು ಬೆರಳಲ್ಲಿ ಹೊಸಕಿದ. "ಏನಿದು? ಗಾಳಿ ಆಡದೆ ಬಿಸಿ ಏರಿ ಏರಿ ಸತ್ತಿದೆ. ಆದ್ರೆ ಇದೇನು ಅಂತ..."

ಅವಳಿಗೆ ಮುಟ್ಟಿ ನೋಡುವ ಅಗತ್ಯವೇ ಬೀಳಲಿಲ್ಲ. ಆ ಪದರದ ಪರಿಚಯ ಅವಳ ಉಗುರುಗಳಿಗಿತ್ತು. ಒಲೆಯ ಮೇಲಿನ ಕಪಾಟಿನ ನೆತ್ತಿಯಿಂದ, ಹೊಗೆ ಎಳೆಯುವ ಫ್ಯಾನಿನಿಂದ, ಕಿಟಕಿಯ ಜಾಲರಿಯಿಂದ ವಾರ ವಾರ ಬಿಸಿನೀರು ಹಾಕಿ ಕೆರೆದು ತೆಗೆಯುವುದು ಇದನ್ನೇ. ಎಣ್ಣೆಯ ಹಬೆ, ಅದರ ಮೇಲೆ ಹಿಟ್ಟಿನ ಪುಡಿ, ಮತ್ತೆ ಹಬೆ. ಎಲ್ಲೆಲ್ಲಿ ಅವಳ ಕೈ ಹೋಗುತ್ತದೋ ಅಲ್ಲೆಲ್ಲ ಅದು ಕಾಣುತ್ತಿರಲಿಲ್ಲ. ಕೈ ಹೋಗದ ಜಾಗ ಈ ಮನೆಯಲ್ಲಿ ಇದೊಂದೇ, ಸೀಲು ಹಾಕಿದ ಈ ಪೆಟ್ಟಿಗೆ. ಉಳಿದ ಕಡೆಯದನ್ನೆಲ್ಲ ಪ್ರತಿ ಸಲವೂ ರಿಪೇರಿಯವನು ಬರುವ ಮುಂಚೆ ಅವಳೇ ಬ್ರಷ್ಷು ಹಿಡಿದು ತೆಗೆದಿದ್ದಳು. ಕಾಯಿಲೆಯ ಗುರುತನ್ನೆಲ್ಲ ಒರೆಸಿ, ಆಮೇಲೆ ವೈದ್ಯನನ್ನು ಕರೆದ ಹಾಗೆ.

"ಹಿಟ್ಟು," ಎಂದಳು. "ಎಣ್ಣೆ ಜಿಡ್ಡು."

ರಿಪೇರಿಯವನು ನಕ್ಕ. "ಕಂಪ್ಯೂಟರಲ್ಲೇ ಅಡುಗೆ ಮಾಡ್ತೀರಾ ಅಕ್ಕ?" ನಕ್ಕವನು ಕಿಟಕಿ ನೋಡಿದ, ಹೂದಾನಿ ನೋಡಿದ, ಪರದೆ ಬಟ್ಟೆಯ ಕಡೆ ನೋಡಿದ. ನಗು ನಿಂತಿತು. "ಇದು ಈ ರೂಮಿನ ಕಂಪ್ಯೂಟರಲ್ಲ ಅಲ್ವಾ?"

ಗಂಡ ಕೆಮ್ಮಿದ. "ಒಂದೊಂದ್ಸಲ ಒಳಗೆ ಇಟ್ಕೋತಾಳೆ."

"ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಸಾರ್. ನಾನು ಗೋಡೆ, ವೈರು, ಪ್ಲಗ್ಗು ಎಲ್ಲಾ ಅನುಮಾನ ಪಟ್ಟೆ. ಇನ್ನೊಂದು ಪೆಟ್ಟಿಗೆ ಹಾಕ್ತೀನಿ. ಆದ್ರೆ ಒಲೆ ಹತ್ರ ಇಟ್ರೆ ಇದೂ ಹೋಗುತ್ತೆ. ಮಿಕ್ಸಿ, ಫ್ರಿಜ್ಜಿನ ಜೊತೆ ಒಂದೇ ಪ್ಲಗ್ಗಲ್ಲಂತೂ ಬೇಡವೇ ಬೇಡ. ಇಲ್ಲೇ ಇರಲಿ, ನೋಡಿ ಎಷ್ಟು ಚೆನ್ನಾಗಿದೆ."

ಅವನು ಹೋದ ಮೇಲೆ ಮನೆಯವರೆಲ್ಲ ಕೂತು ಮಾತಾಡಿದರು. ಯಾರೂ ಆಗುವುದಿಲ್ಲ ಎನ್ನಲಿಲ್ಲ, ಇದನ್ನು ಹೇಳಲೇಬೇಕು. ಎಲ್ಲರ ಹತ್ತಿರವೂ ಕಾರಣಗಳಿದ್ದವು, ಒಂದಕ್ಕಿಂತ ಒಂದು ನ್ಯಾಯವಾದವು. ಮುಂದಿನ ಕೋಣೆಯಲ್ಲಿ ಟಿವಿ ಇತ್ತು. ದಿನವೆಲ್ಲ ದುಡಿದು ಬಂದವನಿಗೆ ಅಷ್ಟೂ ಬೇಡವೇ? ಅತ್ತೆಯ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಕೀಲಿಗಳ ಟಕಟಕ ಆಗದು. ಮಲಗುವ ಕೋಣೆಯಲ್ಲಿ ಮಂಚ, ಕಪಾಟು ಬಿಟ್ಟರೆ ಉಳಿದದ್ದು ಗಂಡನ ವ್ಯಾಯಾಮದ ಯಂತ್ರ. ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಆದರೂ ನಾಳೆಯಿಂದ ವ್ಯಾಯಾಮ ಶುರುವಾಗಬಹುದಲ್ಲ. ಮಗಳ ಕೋಣೆ ಎಂದರೆ ಅತ್ತೆಯ ಕೋಣೆಯ ಇನ್ನೊಂದು ಮಂಚ.

"ಅಮ್ಮನ ಕೆಲಸ ಆಗೋವರೆಗೂ ಟಿವಿ ಆಫ್ ಮಾಡ್ಬಹುದಲ್ಲ," ಎಂದಳು ಮಗಳು.

"ನೀನು ಓದ್ಕೋ ಹೋಗು," ಎಂದ ಅಪ್ಪ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆತ್ತಗೆ ಹೇಳಿದ: "ಸುಲಭದ ದಾರಿ ಇದೆಯಲ್ಲೇ. ಒಂದು ಹೊದಿಕೆ ಹೊಲಿದು ಹಾಕು. ಹಿಟ್ಟೂ ಹೋಗಲ್ಲ, ಹಬೆಯೂ ಹೋಗಲ್ಲ."

ಹೊದಿಕೆ ಹೊಲಿಯುವುದು ಒಂದು ಕೆಲಸ. ಒಂದು ಕೆಲಸಕ್ಕೆ ಅಡ್ಡಿ ಬಂದರೆ ಆ ಮನೆಯಲ್ಲಿ ಸಿಗುತ್ತಿದ್ದ ಪರಿಹಾರ ಯಾವಾಗಲೂ ಅವಳಿಗೆ ಇನ್ನೊಂದು ಕೆಲಸ. ಅವಳು ಹೊಲಿದಳು. ದಪ್ಪ ಬಟ್ಟೆ, ಒಳಗೆ ಅಸ್ತರಿ, ಅಂಚಿಗೆ ಪಟ್ಟಿ. ಅತ್ತೆ ನೋಡಿ, "ಕೈಯಲ್ಲಿ ಕಲೆ ಇದೆಯಮ್ಮ ನಿನಗೆ," ಎಂದರು. ಒಲೆ ಹಚ್ಚುವಾಗ ಹೊದಿಸುವುದು, ಆರಿಸಿದ ಮೇಲೆ ತೆಗೆಯುವುದು. ಆದರೆ ಆ ಮನೆಯಲ್ಲಿ ಒಲೆ ಆರುತ್ತಿದ್ದದ್ದು ಯಾವಾಗ? ಬೆಳಗಿನ ತಿಂಡಿ, ಡಬ್ಬಿಯ ಊಟ, ಅತ್ತೆಯ ಬಿಸಿನೀರು, ಮಧ್ಯಾಹ್ನದ್ದು, ಸಂಜೆಯದ್ದು. ಹೊದಿಕೆ ತೆಗೆಯದೆ ಪರದೆಯೊಂದನ್ನೇ ಹೊರಗಿಟ್ಟು ಅವಳು ಟೈಪು ಮಾಡತೊಡಗಿದಳು. ಸಾಲಿಗೊಮ್ಮೆ ಸೇವ್ ಮಾಡುತ್ತ, ಒಂದು ಕೈಯಲ್ಲಿ ಸೌಟು.

ಹೊದಿಕೆಯೊಳಗೆ ಡಬ್ಬ ಬೆವರಿತು. ಜಿಡ್ಡಿಲ್ಲದ ಹೊಸ ಪೆಟ್ಟಿಗೆ, ಆದರೆ ಉಸಿರಾಡಲು ಗಾಳಿಯಿಲ್ಲ. ಬ ಅಕ್ಷರ ಮುಗಿಯುವಷ್ಟರಲ್ಲಿ ದಿನಕ್ಕೆ ಹಲವು ಸಲ ಆರತೊಡಗಿತು. ಬೆಣೆಯ ವಿವರಣೆ ಅರ್ಧದಲ್ಲಿ, ಪರದೆ ಕಪ್ಪು. ಅವಳು ಹೊದಿಕೆ ಸರಿಸಿ, ತಗಡಿನ ಮೇಲೆ ಅಂಗೈ ಇಟ್ಟಳು. ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು. ಬೀಸಣಿಗೆಯಿಲ್ಲದೆ ಪಾತ್ರೆಯ ಮುಚ್ಚಳದಿಂದ ಗಾಳಿ ಹಾಕಿದಳು.

ಗಂಡ ನೀರು ಕುಡಿಯಲು ಬಂದವನು ನೋಡಿದ. "ಇನ್ನೂ ಸರಿ ಹೋಗಲಿಲ್ವಾ?"

"ಜಾಗ ಸರಿಯಿಲ್ಲ."

"ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಲಂತೆ." ಅವನು ತಮಾಷೆಗೇ ಹೇಳಿದ್ದು. ನಕ್ಕು, ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟು ಹೋದ. ನೆಲ ನಿಜಕ್ಕೂ ಡೊಂಕಾಗಿರಬಹುದೆಂದು ಆ ಗಾದೆ ಕಟ್ಟಿದವರಿಗೆ ಹೊಳೆದಿರಲಿಕ್ಕಿಲ್ಲ. ಅವಳು ಲೋಟ ಎತ್ತಿ ತೊಳೆದಿಟ್ಟಳು.

ಪ್ರೆಸ್ಸಿನ ಯಜಮಾನರು ಫೋನಿನಲ್ಲಿ ಕೇಳಿ ಕೇಳಿ ಸೋತು, ತಾವೇ ಬಂದು ನೋಡುತ್ತೇನೆಂದರು. ಅಂದು ಬೆಳಿಗ್ಗೆ ಗಂಡ ಕೆಲಸಕ್ಕೆ ತಡವಾಗಿ ಹೋಗುವುದೆಂದು ನಿಂತ. ದೊಡ್ಡ ಮನುಷ್ಯರು ಮನೆಗೆ ಬರುತ್ತಿದ್ದರು. ಅವನೇ ಟಿವಿಯ ಪ್ಲಗ್ಗು ಕಿತ್ತ. ಅತ್ತೆ ಹೂದಾನಿಗೆ ಹೊಸ ಹೂ ಹಾಕಿದರು. ಅವಳು ಹೊದಿಕೆ ತೆಗೆದು, ಡಬ್ಬವನ್ನು ಒರೆಸಿ, ಅವುಚಿಕೊಂಡು ಮುಂದಿನ ಕೋಣೆಗೆ ನಡೆದಳು. ಮಗಳು ಪರದೆ ತಂದಳು.

ಗುಂಡಿ ಒತ್ತಿದರೆ ಮರುಮಾತಿಲ್ಲದೆ ಶುರುವಾಯಿತು. ಫ್ಯಾನು ತಣ್ಣಗೆ ತಿರುಗಿತು. ಯಜಮಾನರು ಬಂದು ಕೂತು, ಪುಟಗಳನ್ನು ನೋಡುತ್ತ ಹೋದರು. ಒಂದು ತಪ್ಪೂ ಸಿಗಲಿಲ್ಲ. ಅವರು ನೋಡುತ್ತಿದ್ದಷ್ಟು ಹೊತ್ತೂ ಅವಳು ಮನಸ್ಸಿನಲ್ಲೇ ಬೇಡುತ್ತಿದ್ದಳು: ಆರು, ಈಗ ಆರು, ಇವರ ಕಣ್ಣೆದುರೇ ಒಂದು ಸಲ ಆರು. ಅದು ಆರಲಿಲ್ಲ.

"ಕೆಲಸ ಚೊಕ್ಕ ಇದೆಯಮ್ಮ," ಎಂದರು ಯಜಮಾನರು. "ಆದ್ರೆ ನೀವು ಮಿಷನ್ ಕೆಡುತ್ತೆ, ಕೆಡುತ್ತೆ ಅಂತೀರಿ. ನನ್ನೆದುರಿಗೆ ಇಷ್ಟು ಹೊತ್ತಿಂದ ಓಡ್ತಿದೆ. ಗಾಳಿ ಇದೆ, ಬೆಳಕಿದೆ, ಮೇಜಿದೆ. ನಮ್ಮ ಪ್ರೆಸ್ಸಲ್ಲೂ ಇಂಥ ಜಾಗ ಇಲ್ಲ. ಮೇಷ್ಟ್ರು ದಿನಾ ಕೇಳ್ತಾರೆ. ನಾನೇನು ಹೇಳ್ಲಿ ಅವರಿಗೆ?"

ಅವಳು ಎದ್ದು ನಿಂತಳು. "ಇದು ಇಲ್ಲಿರೋದಿಲ್ಲ," ಎಂದಳು. ಸ್ವರ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯ. "ಒಳಗಿರುತ್ತೆ, ಒಲೆ ಪಕ್ಕ. ನೀವು ಬರ್ತೀರಿ ಅಂತ ಇಲ್ಲಿ ತಂದಿಟ್ಟಿದ್ದೀವಿ. ಅಲ್ಲಿ ಇದು ಓಡೋದಿಲ್ಲ. ಬನ್ನಿ, ತೋರಿಸ್ತೀನಿ."

ಪರದೆ ಬಟ್ಟೆಯನ್ನು ಸರಿಸಿಯೂ ಸರಿಸಿದಳು. ಫ್ರಿಜ್ಜಿನ ಪಕ್ಕ ಖಾಲಿ ಮೇಜು, ಅದರ ಮೇಲೆ ಮಡಿಸಿಟ್ಟ ಹೊದಿಕೆ, ಒಲೆಯ ಮೇಲೆ ಚಹಾದ ನೀರು ಕಂಡವು.

ಅತ್ತೆ ಗೋಡೆ ನೋಡಿದರು. ಗಂಡ ನಕ್ಕ, ಎಲ್ಲರಿಗೂ ಆರಾಮ ಆಗುವಂಥ ನಗು. "ಅವಳಿಗೆ ಅಡುಗೆಮನೇನೇ ಅನುಕೂಲ ಸಾರ್. ಒಂದು ಕೈ ಒಲೆ ಮೇಲಿದ್ರೇನೇ ಸಮಾಧಾನ. ನಾವು ಇಲ್ಲಿ ಕೂತ್ಕೋ ಅಂದ್ರೂ ಕೇಳಲ್ಲ."

ಅವಳು ಗಂಡನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿದ್ದ ಹಾಗೆ ಕಾಣಲಿಲ್ಲ. ಅವನಿಗೆ ಅದು ನಿಜವೆಂದೇ ಅನಿಸಿತ್ತು.

"ನಮ್ಮನೇಲೂ ಹಾಗೇ," ಎಂದರು ಯಜಮಾನರು, ಅವರೂ ನಗುತ್ತ. "ಹೆಂಗಸರ ಜೀವ ಅಲ್ಲೇ ಇರುತ್ತೆ." ಕೂತಲ್ಲಿಂದ ಏಳಲಿಲ್ಲ. ಚಹಾ ಕುದಿಯುವ ಸದ್ದು ಕೇಳಿ ಅವಳೇ ಒಳಗೆ ಹೋಗಬೇಕಾಯಿತು.

ಚಹಾ ಕುಡಿದು ಅವರು ಮೆತ್ತಗೆ ಹೇಳಿದರು. ಉಳಿದ ಅಕ್ಷರಗಳನ್ನು ಬೇರೆಯವರಿಗೆ ಕೊಡುವುದಾಗಿ, ಅವಳ ಮೇಲೆ ಬೇಸರವೇನಿಲ್ಲ ಎಂದು, ಮುಂದೆ ಪುರುಸೊತ್ತಾದಾಗ ಏನಾದರೂ ಚಿಕ್ಕದು ಕೊಡೋಣವೆಂದು. ಅವಳು ಮಾಡಿದ್ದಷ್ಟನ್ನು ಪೆನ್‌ಡ್ರೈವಿಗೆ ಹಾಕಿದಳು. ಮೇಷ್ಟ್ರ ಹಸ್ತಪ್ರತಿಯನ್ನು ದಾರ ಕಟ್ಟಿ ತಂದಳು. ಮೂಲೆಯಲ್ಲಿ ಒಂದು ಎಣ್ಣೆಯ ಕಲೆ ಇತ್ತು. ಸೆರಗಿನಿಂದ ಒತ್ತಿದಳು, ಹೋಗಲಿಲ್ಲ.

"ಟೈಪ್ ಮಾಡೋರಿಗೆ ಒಂದು ಮಾತು ಹೇಳ್ತೀರಾ?" ಎಂದಳು. "ಮೇಷ್ಟ್ರ ಕೈ ದಣಿದಾಗ ಸಾಲಿನ ಕೊನೆ ಕೆಳಗೆ ಜಾರುತ್ತೆ. ಅದನ್ನ ಕೆಳಗಿನ ಸಾಲಿಗೆ ಸೇರಿಸಿಬಿಟ್ರೆ ಸುತ್ತಿಗೆಯ ಮಾತು ಸ್ಕ್ರೂವಿಗೆ ಹೋಗುತ್ತೆ. ಬೆರಳಿಟ್ಟು ಓದಬೇಕು."

"ಹೇಳೋಣ, ಹೇಳೋಣ," ಎಂದು ಅವರು ಚಪ್ಪಲಿ ಮೆಟ್ಟಿದರು. ಅವರು ಹೇಳುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಹೂದಾನಿ ಎತ್ತಿಕೊಂಡರು. "ಹೋಗ್ಲಿ ಬಿಡಮ್ಮ. ಇನ್ನಾದ್ರೂ ಸ್ವಲ್ಪ ಆರಾಮಾಗಿರು."

ಗಂಡ ಶೂ ಕಟ್ಟಿಕೊಳ್ಳುತ್ತ, "ಟಿವಿ ಪ್ಲಗ್ಗು ಹಾಕಿಬಿಡೇ, ಸಂಜೆ ಬೇಕು," ಎಂದು ಹೊರಟ.

ಮಗಳು ಚಹಾದ ಕಪ್ಪುಗಳನ್ನು ಒಳಗೆ ಒಯ್ದಳು.

ಕಂಪ್ಯೂಟರ್ ಇನ್ನೂ ಓಡುತ್ತಲೇ ಇತ್ತು. ಪರದೆಯ ಮೇಲೆ ಬೆಣೆಯ ವಿವರಣೆ, ಕಿಟಕಿಯಿಂದ ಬಂದ ಬೆಳಕಿನಲ್ಲಿ. ಟೈಪಿಂಗ್ ಅಕ್ಕ ತಗಡಿನ ಮೇಲೆ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು ಕಾದಳು. ಅದು ಆರುವ ಲಕ್ಷಣವೇ ಇರಲಿಲ್ಲ. ಹೀಗೇ ಬಿಟ್ಟರೆ ಹ ಅಕ್ಷರ ಮುಗಿಯುವವರೆಗೂ ಓಡೀತು. ಒಳಗಿನಿಂದ ಅತ್ತೆ ಬಿಸಿನೀರು ಕೇಳಿದರು. ಕೊನೆಗೆ ಅವಳೇ ಗುಂಡಿ ಒತ್ತಿ ಆರಿಸಬೇಕಾಯಿತು.